ಪ್ಲೇಟಿನ ಹಿಂದಿನಿಂದ ಮೂರನೇ ಬೇಸಿನ ಪಕ್ಕಕ್ಕೆ

2019ರ ಮಾರ್ಚ್ ತಿಂಗಳಲ್ಲಿ, ಅರಿಜೋನಾದ ವಸಂತ ಶಿಬಿರ ಮುಗಿಯಲು ಎರಡೇ ದಿನ ಉಳಿದಿರುವಾಗ, ನನ್ನನ್ನು ಬೇಸ್‌ಬಾಲ್ ತಂಡದಿಂದ ಬಿಡುಗಡೆ ಮಾಡಿದರು, ಅಂದರೆ ಒಪ್ಪಂದ ಮುಗಿಸಿ ಕಳಿಸಿದರು. ಏಳು ಋತುಗಳ ಕಾಲ, ಮೇಜರ್ ಲೀಗ್‌ಗೆ ಆಟಗಾರರನ್ನು ಬೆಳೆಸುವ ಮೈನರ್ ಲೀಗ್‌ಗಳಲ್ಲಿ ಬ್ಯಾಟರ್‌ನ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಆಗಿದ್ದ ನಾನು, ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗಿನ ಡಬಲ್-ಎ ಹಂತದವರೆಗೆ ಏರಿದ್ದೆ; ಅದರಾಚೆಗೆ ಹೋಗಲು ನನ್ನ ಬ್ಯಾಟು ಬಿಡಲಿಲ್ಲ. ಕಚೇರಿಯೊಳಗೆ ಕರೆದವರು ಕುಳಿತುಕೊಳ್ಳಲು ಹೇಳಲಿಲ್ಲ, ಮಾತು ನಾಲ್ಕು ನಿಮಿಷದಲ್ಲಿ ಮುಗಿಯಿತು. ಹೊರಬಂದಾಗ ನನ್ನ ಹೆಸರಿನ ಪಟ್ಟಿಯನ್ನು ಲಾಕರಿನಿಂದ ಆಗಲೇ ಕಿತ್ತಿದ್ದರು.

ಹತ್ತನೇ ವಯಸ್ಸಿನವರೆಗೆ ಮೈಸೂರಿನ ಓಣಿಯಲ್ಲಿ ಟೆನಿಸ್ ಚೆಂಡಿಗೆ ವಿಕೆಟ್ ಕೀಪರ್ ಆಗಿದ್ದವನು, ತಂದೆಯ ಕೆಲಸದ ಕಾರಣಕ್ಕೆ ಸ್ಯಾಕ್ರಮೆಂಟೊಗೆ ಬಂದ ಮೇಲೆ ಮುಖಕ್ಕೆ ಮುಸುಕು, ಎದೆಗೆ ಕವಚ ಕಟ್ಟಿಕೊಂಡು, ಬ್ಯಾಟರ್ ನಿಲ್ಲುವ ಜಾಗದ ಪ್ಲೇಟಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತೆ. ಬೇಸ್‌ಬಾಲಿನಲ್ಲಿ ಉಳಿದ ಎಂಟು ಜನ ಫೀಲ್ಡರ್‌ಗಳು ಪ್ಲೇಟಿನತ್ತ ಮುಖ ಮಾಡಿ ನಿಂತರೆ, ಇಡೀ ಮೈದಾನವನ್ನು ಎದುರಿಗಿಟ್ಟುಕೊಂಡು ನೋಡುವವನು ಕ್ಯಾಚರ್ ಒಬ್ಬನೇ. ಆದ್ದರಿಂದಲೇ ತಂಡದ ಮುಖ್ಯ ತರಬೇತುದಾರರಾದ ಮ್ಯಾನೇಜರ್‌ಗಳಲ್ಲಿ ಹಳೆಯ ಕ್ಯಾಚರ್‌ಗಳು ಇಷ್ಟೊಂದು ಮಂದಿ ಸಿಗುತ್ತಾರೆ. ಯಾಂಕೀಸ್ ತಂಡಕ್ಕೆ ಮೇಜರ್ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸನ್ನು ನಾಲ್ಕು ಬಾರಿ ಗೆದ್ದುಕೊಟ್ಟ ಜೋ ಟೊರ್ರೆ ಆಟಗಾರನಾಗಿ ಕಾಲಿಟ್ಟದ್ದು ಕ್ಯಾಚರ್ ಆಗಿ. ಜೈಂಟ್ಸ್ ತಂಡದೊಂದಿಗೆ ಮೂರು ಬಾರಿ, 2023ರಲ್ಲಿ ರೇಂಜರ್ಸ್‌ನೊಂದಿಗೆ ಮತ್ತೊಮ್ಮೆ ಗೆದ್ದ ಬ್ರೂಸ್ ಬೋಚಿಯೂ ಕ್ಯಾಚರ್. ಸ್ಟೀಫನ್ ವೋಗ್ಟ್ 2022ರಲ್ಲಿ ಆಟ ನಿಲ್ಲಿಸಿ, ಒಂದೇ ವರ್ಷ ಕೋಚ್ ಆಗಿದ್ದು, 2024ರಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮ್ಯಾನೇಜರ್ ಆಗಿಬಿಟ್ಟರು. ಟೊರ್ರೆ, ಬೋಚಿಯಂಥ ಹೆಸರುಗಳನ್ನು ಎಣಿಸಿಕೊಂಡೇ ನಾನೂ ಈ ಕೆಲಸ ನನಗೆ ತಾನಾಗಿ ಬರುತ್ತದೆಂದು ನಂಬಿದ್ದೆ.

2020ರ ಮೈನರ್ ಲೀಗ್ ಋತು ಕೊರೊನಾದಿಂದಾಗಿ ಪೂರ್ತಿ ರದ್ದಾಯಿತು, ಮರುವರ್ಷ ಮೇಜರ್ ಲೀಗ್‌ಗೆ ಸೇರಿದ ಮೈನರ್ ತಂಡಗಳ ಸಂಖ್ಯೆ 160ರಿಂದ 120ಕ್ಕೆ ಇಳಿಯಿತು. ಇಂಥ ಹೊತ್ತಿನಲ್ಲಿ ಅರಿಜೋನಾ ಕಾಂಪ್ಲೆಕ್ಸ್ ಲೀಗ್‌ನಲ್ಲಿ, ಹದಿನೆಂಟು ಹತ್ತೊಂಬತ್ತರ ಹುಡುಗರಿಗೆ ಕ್ಯಾಚಿಂಗ್ ಹೇಳಿಕೊಡುವ ಕೆಲಸ ಸಿಕ್ಕಿದ್ದೇ ಅದೃಷ್ಟ. ಆ ಅದೃಷ್ಟವನ್ನು ನಾನು ಮೊದಲ ತಿಂಗಳಿನಲ್ಲೇ ಕೆಡಿಸಿಕೊಳ್ಳುತ್ತಿದ್ದೆ. ವೆನೆಜುವೆಲಾದ ಒಬ್ಬ ಹುಡುಗ ಒಂದು ಮೊಣಕಾಲನ್ನು ನೆಲಕ್ಕೂರಿ ಕೂರುತ್ತಿದ್ದುದನ್ನು ಕಂಡು, ಅದು ಸೋಮಾರಿತನವೆಂದು ತೀರ್ಮಾನಿಸಿ, ನಾನು ಕಲಿತಿದ್ದಂತೆ ಎರಡೂ ಪಾದಗಳ ಮೇಲೆ ಕುಕ್ಕರಿಸಲು ಒತ್ತಾಯಿಸಿದೆ. ಮೂರು ವಾರಗಳ ಬಳಿಕ ಕ್ಲಬ್ಬಿನ ವಿಶ್ಲೇಷಕಿ ವಿಡಿಯೊ ಮತ್ತು ಅಂಕಿಗಳನ್ನು ನನ್ನ ಮುಂದಿಟ್ಟರು: ಮೊಣಕಾಲೂರಿ ಕುಳಿತಾಗ ಅವನ ಕೈಗವಸು ಕೆಳಗಿನಿಂದ ಮೇಲಕ್ಕೆ ಚೆಂಡಿನೊಂದಿಗೆ ಬರುತ್ತಿತ್ತು, ಅಂಚಿನ ಕೆಳಮಟ್ಟದ ಚೆಂಡುಗಳಿಗೆ ಅಂಪೈರ್ ಚೆಂಡು ಎಸೆಯುವ ಪಿಚರ್‌ನ ಪರವಾಗಿ ಸ್ಟ್ರೈಕ್ ಕೊಡುತ್ತಿದ್ದರು, ನನ್ನ ತಿದ್ದುಪಡಿಯ ನಂತರ ಅವೇ ಚೆಂಡುಗಳು ‘ಬಾಲ್’, ಅಂದರೆ ಗುರಿ ತಪ್ಪಿದ ಎಸೆತ, ಎನಿಸಿಕೊಳ್ಳುತ್ತಿದ್ದವು. ನಾನು ಹುಡುಗನ ಬಳಿ ಹೋಗಿ, ನನ್ನ ಅರೆಬರೆ ಸ್ಪ್ಯಾನಿಷ್‌ನಲ್ಲಿ, ತಪ್ಪು ನನ್ನದು, ನಿನ್ನ ಹಳೆಯ ಕ್ರಮಕ್ಕೇ ಮರಳು ಎಂದೆ. ಅವನು ನಕ್ಕು, ನೀವಿಲ್ಲದಾಗ, ಪಿಚರ್‌ಗಳು ಅಭ್ಯಾಸ ಮಾಡುವ ಬುಲ್‌ಪೆನ್‌ನಲ್ಲಿ ಹಾಗೆಯೇ ಕೂರುತ್ತಿದ್ದೆ ಎಂದ.

ಆ ಚಳಿಗಾಲದಲ್ಲಿ ನಾನು ಸ್ಪ್ಯಾನಿಷ್ ಪಾಠಕ್ಕೆ ಸೇರಿದೆ. ಹತ್ತನೇ ವಯಸ್ಸಿನಲ್ಲಿ ಇಂಗ್ಲಿಷ್ ಅರ್ಥವಾಗದೆ ತರಗತಿಯಲ್ಲಿ ತಲೆಯಾಡಿಸುತ್ತ ಕೂತವನಿಗೆ, ಎಲ್ಲದಕ್ಕೂ ‘ಸಿ, ಸಿ’ (ಹೌದು, ಹೌದು) ಎನ್ನುವ ಹುಡುಗನಿಗೆ ಎಷ್ಟು ತಲುಪಿದೆ ಎಂಬುದು ಇನ್ನೂ ಮೊದಲೇ ಹೊಳೆಯಬೇಕಿತ್ತು.

2024ರಲ್ಲಿ, ಡಬಲ್-ಎಗಿಂತ ಕೆಳಗಿನ ಸಿಂಗಲ್-ಎ ಹಂತದ ತಂಡವೊಂದರ ಮ್ಯಾನೇಜರ್ ಆದೆ. ಕ್ರಿಕೆಟ್ ಕೋಚ್‌ಗಳು ಪೆವಿಲಿಯನ್ನಿನಲ್ಲೇ ಉಳಿಯುವುದನ್ನು ನೋಡಿದ್ದ ನನ್ನ ತಂದೆಗೆ, ಮ್ಯಾನೇಜರ್ ಆದವನೂ ಆಟಗಾರರ ಉಡುಪನ್ನೇ ತೊಟ್ಟು ಮೈದಾನಕ್ಕಿಳಿಯುವುದು ಇಂದಿಗೂ ತಮಾಷೆಯ ವಿಷಯ. ನಮ್ಮ ತಂಡ ಬ್ಯಾಟ್ ಮಾಡುವಾಗ ಮೂರನೇ ಬೇಸಿನ ಪಕ್ಕದ ಕೋಚ್ ಆಗಿ ನಿಲ್ಲುವವನೂ ನಾನೇ, ತಲೆಗೆ ಹೆಲ್ಮೆಟ್ ಹಾಕಿಕೊಂಡು. 2007ರಲ್ಲಿ ಮೈನರ್ ಲೀಗಿನ ಟಲ್ಸಾ ತಂಡದ ಕೋಚ್ ಮೈಕ್ ಕೂಲ್‌ಬಾ ಮೊದಲ ಬೇಸಿನ ಬಳಿ ನಿಂತಿದ್ದಾಗ ಹೊಡೆದ ಚೆಂಡು ತಗುಲಿ ತೀರಿಕೊಂಡ ಮೇಲೆ ಬೇಸ್ ಕೋಚ್‌ಗಳಿಗೆ ಹೆಲ್ಮೆಟ್ ಕಡ್ಡಾಯವಾಯಿತು. ಎರಡನೇ ಬೇಸಿನಿಂದ ಹೊರಟ ಓಟಗಾರನನ್ನು ರನ್ ಗಳಿಸಲು ಪ್ಲೇಟಿಗೆ ಕಳಿಸಬೇಕೋ ತಡೆಯಬೇಕೋ ಎಂಬುದನ್ನು, ಅವನು ನನ್ನ ಬಳಿಗೆ ಬರುವ ಮೊದಲೇ ನಿರ್ಧರಿಸಬೇಕು. ಯಾರೂ ಔಟಾಗಿಲ್ಲದಿದ್ದರೆ ಕೈ ಮೇಲೆತ್ತಿ ತಡೆಯುತ್ತೇನೆ, ಇಬ್ಬರು ಔಟಾಗಿದ್ದರೆ ಕೈ ಬೀಸಿ ಓಡಿಸುತ್ತೇನೆ. ಏಕೆಂದರೆ ಆಗ ಮುಂದಿನ ಬ್ಯಾಟರ್‌ನಿಂದ ಹಿಟ್, ಅಂದರೆ ಬೇಸ್ ತಲುಪಿಸುವ ಹೊಡೆತ, ಬರದೆ ಮೂರನೇ ಔಟ್ ಆದರೆ ನಮ್ಮ ಸರದಿಯೇ ಮುಗಿದು ಇವನು ಅಲ್ಲಿಯೇ ನಿಂತುಹೋಗುತ್ತಾನೆ.

ನನಗೆ ನಿಜವಾಗಿ ಕಷ್ಟವಾದದ್ದು ಬೇರೆಯೇ. ಕ್ಯಾಚರ್ ಆಗಿದ್ದಾಗ ಪ್ರತಿ ಚೆಂಡನ್ನೂ ಗೆಲುವಿಗಾಗಿಯೇ ಕೇಳುತ್ತಿದ್ದೆ. ಕೆಳಹಂತದ ಲೀಗ್‌ನ ಮ್ಯಾನೇಜರ್ ಮಾತ್ರ ಗೆಲ್ಲುವುದಕ್ಕಾಗಿ ತಂಡ ನಡೆಸುವವನಲ್ಲ. ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿಯೊಡನೆ ಆರು ಆಟ, ಸೋಮವಾರ ವಿರಾಮ, ಹೀಗೆ ಋತುವಿಗೆ 132 ಆಟಗಳು. ಅಷ್ಟರಲ್ಲಿ ಯಾರು ಎಷ್ಟು ಆಡಬೇಕು, ಯಾವ ಪಿಚರ್ ಎಷ್ಟು ಎಸೆಯಬೇಕು ಎಂಬುದೆಲ್ಲ ಬಹುಮಟ್ಟಿಗೆ ಕ್ಲಬ್ಬಿನ ಆಟಗಾರರ ಅಭಿವೃದ್ಧಿ ವಿಭಾಗದಿಂದ ಬರುತ್ತದೆ. ಮೇ ತಿಂಗಳ ಒಂದು ರಾತ್ರಿ ನಮ್ಮ ಹತ್ತೊಂಬತ್ತರ ಎಡಗೈ ಪಿಚರ್ ಐದು ಇನಿಂಗ್ಸ್ ಒಂದೂ ಹಿಟ್ ಕೊಡದೆ ಮುಗಿಸಿದ್ದ. ಅವನಿಗಿದ್ದ ಮಿತಿ 75 ಎಸೆತ, ಆಗಲೇ 71 ಆಗಿತ್ತು. ಡಗೌಟಿನ ಮೆಟ್ಟಿಲಲ್ಲಿ ಅವನ ಕೈ ಕುಲುಕಿ, ಇವತ್ತಿಗೆ ಸಾಕು ಎಂದೆ. ಪ್ರೇಕ್ಷಕರು ಕೂಗಿದರು, ನಂತರ ಬಂದ ಪಿಚರ್ ನಾಲ್ಕು ರನ್ ಕೊಟ್ಟ, ನಾವು ಸೋತೆವು. ಆ ಮಿತಿ ಸರಿಯೆಂದೇ ನನ್ನ ಅಭಿಪ್ರಾಯ, ಆದರೂ ಆ ರಾತ್ರಿ ವರದಿ ಬರೆಯುವಾಗ ಎರಡು ಬಾರಿ ಅಳಿಸಿ ಬರೆದೆ.

ಪಿಚರ್ ನಿಂತು ಎಸೆಯುವ ದಿಬ್ಬವಾದ ಮೌಂಡಿಗೆ ಹೋಗುವ ಚಟವನ್ನೂ ಬಿಡಬೇಕಾಯಿತು. ಒಂದೇ ಇನಿಂಗ್ಸ್‌ನಲ್ಲಿ ಅದೇ ಪಿಚರ್ ಬಳಿಗೆ ಮ್ಯಾನೇಜರ್ ಅಥವಾ ಕೋಚ್ ಎರಡನೇ ಬಾರಿ ಹೋದರೆ ಅವನನ್ನು ಬದಲಿಸಲೇಬೇಕೆಂಬ ನಿಯಮವಿದೆ. ಹೇಳಬೇಕಾದ್ದನ್ನು ಈಗ ಕ್ಯಾಚರ್‌ನಿಂದ ಹೇಳಿಸುತ್ತೇನೆ, ಅವನು ಅದನ್ನು ನನಗಿಂತ ಚುಟುಕಾಗಿ ಹೇಳುತ್ತಾನೆ.

ಜುಲೈನಲ್ಲಿ ಮೊದಲ ಬಾರಿಗೆ ಒಬ್ಬನನ್ನು ಬಿಡುಗಡೆ ಮಾಡುವ ಮಾತನ್ನು ನಾನೇ ಹೇಳಬೇಕಾಯಿತು. ಅವನೂ ಕ್ಯಾಚರ್, 24 ವರ್ಷ. ಅವನು ಬರುವ ಮೊದಲೇ ಕುರ್ಚಿಯನ್ನು ಮೇಜಿನ ಎದುರಿನಿಂದ ತೆಗೆದು ನನ್ನ ಕುರ್ಚಿಯ ಪಕ್ಕಕ್ಕೆ ಹಾಕಿದ್ದೆ, ಲಾಕರಿನ ಹೆಸರನ್ನು ಮುಟ್ಟಬಾರದೆಂದು ಕ್ಲಬ್‌ಹೌಸಿನವರಿಗೆ ಹೇಳಿದ್ದೆ. ಸುತ್ತಿ ಬಳಸದೆ ಮೊದಲ ವಾಕ್ಯದಲ್ಲೇ ವಿಷಯ ತಿಳಿಸಿ, ಆಮೇಲೆ ಸುಮ್ಮನೆ ಕುಳಿತೆ. ಬಹಳ ಹೊತ್ತಿನ ನಂತರ ಅವನು, ಇವತ್ತು ರಾತ್ರಿ ಕ್ಯಾಚ್ ಮಾಡುವವರು ಯಾರು ಎಂದು ಕೇಳಿದ. ಹೇಳಿದೆ. ತನ್ನ ಸಾಮಾನು ಕಟ್ಟುವ ಮೊದಲು ಅವನು ಆ ಹುಡುಗನ ಪಕ್ಕದಲ್ಲಿ ಕುಳಿತು, ಎದುರಾಳಿ ಬ್ಯಾಟರ್‌ಗಳ ಬಗ್ಗೆ ತಾನು ಬರೆದಿಟ್ಟಿದ್ದ ಕಾರ್ಡನ್ನು ಒಂದೊಂದು ಸಾಲಾಗಿ ಓದಿ ಹೇಳಿದ.