ಹಳೇ ಗಣಿಯಲ್ಲಿ ಅಣುಕಸ ಇಡಬೇಕಾ? ಮೊದಲು ನೀರು ನೋಡಿ

ಗಣಿ ಮುಚ್ಚಿದೆ, ಗುಂಡಿ ಹೇಗೂ ಇದೆ, ಅಣುಕಸ ಅಲ್ಲೇ ಇಟ್ಟರಾಯ್ತು ಅಲ್ವಾ? ಜರ್ಮನಿಯವರು ಆಸ್ಸೆ ಎಂಬ ಹಳೇ ಉಪ್ಪಿನ ಗಣಿಯಲ್ಲಿ ಹೀಗೇ ಮಾಡಿ, ಒಳಗೆ ನೀರು ನುಗ್ಗಿ ಕೈ ಸುಟ್ಟುಕೊಂಡರು.

ಹಾಗಾಗಿ ಮೊದಲ ಕೆಲಸ, ನೀರು ಎಲ್ಲಿಂದ ಬರಬಹುದು ಎಂದು ನೋಡುವುದು. ಹಳೇ ನಕ್ಷೆ ಬಿಚ್ಚಿ, ಗಣಿಯವರು ಅಂಚಿಗೆ ಎಷ್ಟು ಹತ್ತಿರ ಅಗೆದಿದ್ದರು ನೋಡಿ. ಆಸ್ಸೆಯ ಒಂದು ಬದಿಯಲ್ಲಿ ನೀರು ಬರಬಹುದಾದ ಪಕ್ಕದ ಬಂಡೆಗೆ ಕೆಲವೇ ಮೀಟರ್ ಉಳಿಸಿ ಉಪ್ಪು ತೆಗೆದಿದ್ದರು. ಅದರಲ್ಲಿ 1967ರಿಂದ 1978ರವರೆಗೆ ಸುಮಾರು 1,26,000 ಡ್ರಮ್ ಅಣುಕಸ ಇಳಿಸಿದರು. ಮೊದಮೊದಲು ನೀಟಾಗಿ ನಿಲ್ಲಿಸಿ ಜೋಡಿಸುತ್ತಿದ್ದವರು ಆಮೇಲೆ ಲೋಡರ್‌ನಲ್ಲಿ ತಂದು ಉಪ್ಪಿನ ಇಳಿಜಾರಿನಲ್ಲಿ ಉರುಳಿಸಿ, ಮೇಲೆ ಉಪ್ಪು ಸುರಿದು ಕೈತೊಳೆದುಕೊಂಡರು. 1988ರಿಂದ ಉಪ್ಪುನೀರು ಬರುತ್ತಿದೆ, ದಿನಕ್ಕೆ ಸುಮಾರು 12,000 ಲೀಟರ್. ನಮ್ಮ ಬೀದಿಯ ಲೆಕ್ಕದಲ್ಲಿ ದಿನಾ ಎರಡು ಟ್ಯಾಂಕರ್! ಈಗ ಆ ಡ್ರಮ್‌ಗಳನ್ನೆಲ್ಲ ಮತ್ತೆ ಮೇಲಕ್ಕೆತ್ತಬೇಕು ಎಂದು 2013ರಲ್ಲಿ ಕಾನೂನೇ ಬಂತು.

ಒಣ ಗಣಿ ಬೇಕೆಂದರೆ ಕೊನ್ರಾಡ್ ನೋಡಿ. ಜರ್ಮನಿಯವರು ಅಣುಕಸಕ್ಕೆಂದು ಆರಿಸಿದ, ಜಾಲ್ಟ್ಸ್‌ಗಿಟರ್ ಊರಿನ ಈ ಕಬ್ಬಿಣದ ಗಣಿ 1976ರಲ್ಲಿ ನಿಂತಿತು. ಅದಿರಿನ ಮೇಲೆ ಸುಮಾರು 400 ಮೀಟರ್‌ವರೆಗೂ ಜೇಡಿಮಣ್ಣಿನ ಪದರ ಕೂತಿದೆ, ಅದೇ ಅದರ ಕೊಡೆ.

ಎರಡನೆಯದು, ಹಳೇ ಸುರಂಗದಲ್ಲಿ ಸುಮ್ನೆ ತುಂಬಬೇಡಿ. ಕೊನ್ರಾಡ್‌ನಲ್ಲಿ ಸುಮಾರು 850 ಮೀಟರ್ ಆಳದಲ್ಲಿ ಹೊಸ ಕೋಣೆಗಳನ್ನೇ ಕೊರೆದಿದ್ದಾರೆ. ಕೆಳಗಿಳಿಯುವ ಎರಡು ನೇರ ಬಾವಿಗಳಲ್ಲಿ (ಶಾಫ್ಟ್) ಒಂದು ಜನರಿಗೆ, ಸಾಮಾನಿಗೆ, ಇನ್ನೊಂದು ಕಸಕ್ಕೆ.

ಎಲ್ಲ ಕಸಕ್ಕೂ ಇದು ಜಾಗವಲ್ಲ. ರಿಯಾಕ್ಟರ್‌ನ ಬಳಸಿದ ಇಂಧನ ಬಿಸಿ ಉಗುಳುತ್ತಲೇ ಇರುತ್ತದೆ, ಅದು ಇಲ್ಲಿಗೆ ಬೇಡ. ಸುತ್ತಲಿನ ಬಂಡೆ 3 ಡಿಗ್ರಿಗಿಂತ ಜಾಸ್ತಿ ಬಿಸಿಯಾಗಬಾರದು ಎನ್ನುವುದು ಕೊನ್ರಾಡ್ ಲೆಕ್ಕ. 2002ರಲ್ಲಿ ಸಿಕ್ಕ ಅನುಮತಿ ಕೂಡ ಇಂಥ ಬಿಸಿಯಿಲ್ಲದ ಕಸಕ್ಕೇ, 3,03,000 ಘನ ಮೀಟರ್‌ವರೆಗೆ.

ಮತ್ತೆ, ಊರಿನವರಿಗೆ ಮೊದಲೇ ಹೇಳಿ. ನಮ್ಮ ಕೆಜಿಎಫ್ ಗಣಿಗೆ ಅಣುಕಸ ಬರುತ್ತದಂತೆ ಎಂಬ ಸುದ್ದಿ 2012ರಲ್ಲಿ ಹಬ್ಬಿದಾಗ ಜನ ಬೀದಿಗಿಳಿದರು, ಸರ್ಕಾರ ಅಂಥ ಯೋಚನೆ ಇಲ್ಲ ಎಂದು ಹೇಳಬೇಕಾಯಿತು. ಎಷ್ಟೋ ವರ್ಷ ಹಿಂದೆ ಅಲ್ಲೇ ಸುಮಾರು ಸಾವಿರ ಮೀಟರ್ ಕೆಳಗೆ ವಿಜ್ಞಾನಿಗಳು, ಅಣುಕಸದ ಬಿಸಿಗೆ ಬಂಡೆ ಏನಾಗುತ್ತದೆ ಎಂದು ತಿಳಿಯಲು, ಬಂಡೆ ಬಿಸಿಮಾಡಿ ಪರೀಕ್ಷೆ ನಡೆಸಿದ್ದಂತೂ ನಿಜ.

ಇನ್ನು ತುಂಬುವ ಕೆಲಸ. ಡ್ರಮ್‌ಗಳನ್ನು ಗಟ್ಟಿ ಕಂಟೇನರ್‌ಗೆ ಹಾಕಿ, ಸಾಲಾಗಿ ಪೇರಿಸಿ, ನಡುವಿನ ಸಂದಿಗೆ ಕಾಂಕ್ರೀಟ್ ಪಂಪ್ ಮಾಡಿ. ಒಂದು ಕೋಣೆ ತುಂಬಿದರೆ ಗೋಡೆ ಕಟ್ಟಿ ಮುಚ್ಚಿ, ಮುಂದಿನದಕ್ಕೆ ಹೋಗಿ. ಶಾಫ್ಟ್ ಮುಚ್ಚುವುದು ಎಲ್ಲಕ್ಕಿಂತ ಕೊನೆಗೆ.