ಎರೆಮಣ್ಣನ್ನು ಹೊರಗೆ ಹಾಕಿಸದೆ ಬೆಳೆಸಿದ ಅಂಗಳದ ತೋಟ: ನನ್ನ ಅನುಭವ

ಕಲಬುರಗಿಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸಿದವರಿಗೆ ತೋಟದ ವಿಷಯದಲ್ಲಿ ಎಲ್ಲ ಕಡೆಯಿಂದಲೂ ಸಿಗುವ ಸಲಹೆ ಒಂದೇ: ಎರೆಮಣ್ಣನ್ನು, ಅಂದರೆ ಇಲ್ಲಿನ ಜಿಗುಟಾದ ಕಪ್ಪು ಮಣ್ಣನ್ನು, ಮೂರು ಅಡಿ ತೆಗೆಸಿ ಹೊರಗೆ ಹಾಕಿಸಿ, ಕೆಂಪು ಮಣ್ಣು ತುಂಬಿಸಿ, ಆಮೇಲೆ ಗಿಡ ಹಚ್ಚಿರಿ. ಆ ಸಲಹೆಯಂತೆ ನಡೆದು ಹಣ ಕಳೆದವರಲ್ಲಿ ನಾನೂ ಒಬ್ಬ. ಈಗ ಸೇಡಂ ರಸ್ತೆಯ ಕಡೆಗಿರುವ ನಮ್ಮ ಮನೆಯ ಸುತ್ತ ದಾಸವಾಳ, ದುಂಡುಮಲ್ಲಿಗೆ, ಪಾರಿಜಾತ, ಕರಿಬೇವು, ನಿಂಬೆ, ಪೇರಲ ಎಲ್ಲವೂ ಅದೇ ಎರೆಮಣ್ಣಿನಲ್ಲಿ ಬೆಳೆದು ನಿಂತಿವೆ. ನಾನು ಮಡಿ ಹಾಕಿಸುವಾಗ ಗೇಟಿನ ಹತ್ತಿರ ನಿಂತು ನಕ್ಕವರೇ ಇಂದು ದಾಸವಾಳದ ಕಡ್ಡಿ ಕೇಳಿಕೊಂಡು ಬರುತ್ತಾರೆ. ಮಣ್ಣು ಬದಲಾಯಿಸುವ ಖರ್ಚಿಗೆ ಸಿದ್ಧರಾಗುತ್ತಿರುವವರಿಗೆ ಉಪಯೋಗವಾಗಲೆಂದು ಮಾಡಿದ ಕ್ರಮವನ್ನೂ ಹಣದ ಲೆಕ್ಕವನ್ನೂ ನೆನಪಿದ್ದಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಾಳಾದ ಹಣದ ಲೆಕ್ಕ. ಕೆಂಪು ಮಣ್ಣಿಗೆ, ಟಿಪ್ಪರ್ ಬಾಡಿಗೆ ಮತ್ತು ತುಂಬುವ ಕೂಲಿ ಸೇರಿ, ಹದಿನೆಂಟು ಇಪ್ಪತ್ತು ಸಾವಿರ ಹೋಯಿತು. ತೆಗೆದ ಎರೆಮಣ್ಣನ್ನು ಸಾಗಿಸಲು ಮತ್ತೆ ಐದಾರು ಸಾವಿರ. ನರ್ಸರಿಯ ಗಿಡಗಳು, ಕೊರಿಯನ್ ಹುಲ್ಲಿನ ಹಾಸು, ಗೊಬ್ಬರ, ಮಾಲಿಯ ಪಗಾರ ಎಲ್ಲ ಕೂಡಿದರೆ ನಲವತ್ತು ಸಾವಿರದ ಹತ್ತಿರ. ಇಷ್ಟಾದ ಮೇಲೆ ಜೂನ್, ಜುಲೈ ತಿಂಗಳುಗಳಲ್ಲಿ ತೋಟ ಚೆನ್ನಾಗಿಯೇ ಇತ್ತು. ಆಗಸ್ಟ್ ಕೊನೆಯ ಹೊತ್ತಿಗೆ ಗಿಡಗಳು ಒಂದೊಂದಾಗಿ ಬಾಡತೊಡಗಿದವು, ನೀರು ಸಾಲುತ್ತಿಲ್ಲವೆಂದು ಮಾಲಿ ಇನ್ನಷ್ಟು ನೀರು ಬಿಟ್ಟ. ಒಂದು ದಾಸವಾಳವನ್ನು ಬುಡಸಮೇತ ಕೀಳಿಸಿ ನೋಡಿದಾಗ ಸಂಗತಿ ಸ್ಪಷ್ಟವಾಯಿತು. ಬೇರಿನ ತೊಗಟೆ ಬೆರಳಿನಿಂದ ಎಳೆದರೆ ಕಳಚಿ ಬರುತ್ತಿತ್ತು, ಒಳಗಿನ ನಾರು ಕಂದು ಬಣ್ಣಕ್ಕೆ ತಿರುಗಿತ್ತು, ಮಳೆ ನಿಂತು ವಾರವಾಗಿ ಮೇಲಿನ ಮಣ್ಣು ಪುಡಿಪುಡಿಯಾಗಿದ್ದರೂ ಗುಂಡಿಯ ತಳದಲ್ಲಿ ಗೇಣುದ್ದ ನೀರು ನಿಂತು ಕೊಳೆತ ವಾಸನೆ ಬರುತ್ತಿತ್ತು. ಹಸಿಯಾದ ಎರೆಮಣ್ಣು ನೀರನ್ನು ಕೆಳಗೆ ಬಿಡುವುದಿಲ್ಲ. ಅದರ ನಡುವೆ ಗುಂಡಿ ತೋಡಿ ಸಡಿಲವಾದ ಕೆಂಪು ಮಣ್ಣು ತುಂಬಿದರೆ ನಾವು ಗಿಡಕ್ಕೆ ಹೊರದಾರಿಯಿಲ್ಲದ ತೊಟ್ಟಿಯೊಂದನ್ನು ಕಟ್ಟಿಕೊಟ್ಟಂತಾಗುತ್ತದೆ. ಸುತ್ತಲಿನ ಅಂಗಳದ ನೀರೆಲ್ಲ ಅದಕ್ಕೇ ಇಳಿಯುತ್ತದೆ.

ಗಿಡ ಕೊಟ್ಟ ನರ್ಸರಿಯವರನ್ನು ಕೇಳಿದಾಗ, “ಎರಿ ನೆಲದಾಗ ಹೂವಿನ ಗಿಡ ನಿಲ್ಲಂಗಿಲ್ರೀ ಸರ್, ಕುಂಡದಾಗ ಹಚ್ರಿ” ಎಂದರು. ಪಕ್ಕದ ಮನೆಯ ಹುಡುಗ ಇನ್ನೂ ಮುಂದೆ ಹೋಗಿ, “ಕಾಕಾ, ಸುಮ್ಮ ಫರಸಿ ಹಾಸಿಬಿಡ್ರಿ, ಕಸನೂ ಇಲ್ಲ ಕಿರಿಕಿರಿನೂ ಇಲ್ಲ” ಎಂದ. ಫರಸಿಗೆ, ಅಂದರೆ ಹಾಸುಗಲ್ಲಿಗೆ, ಬೇಕಾದ ಶಹಾಬಾದ್ ಕಲ್ಲು ನಮ್ಮ ಜಿಲ್ಲೆಯಲ್ಲೇ ಸಿಗುವುದರಿಂದ ಅಂಗಳ ಪೂರ್ತಿ ಹಾಸಿಬಿಡುವುದು ಇಲ್ಲಿ ಸುಲಭದ ದಾರಿಯೇ ಸರಿ, ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ 42–43 ಡಿಗ್ರಿ ಬಿಸಿಲು ಕುಡಿದ ಕಲ್ಲು ರಾತ್ರಿ ಹತ್ತು ಗಂಟೆಯವರೆಗೂ ಕಿಟಕಿಯಿಂದ ಒಳಗೆ ಶಾಖ ನೂಕುತ್ತದೆ ಎಂಬುದನ್ನು ಹಾಸಿಸಿಕೊಂಡವರೇ ಹೇಳುತ್ತಾರೆ. ಇನ್ನೊಂದು ಮಾತೂ ನನ್ನನ್ನು ಕಾಡುತ್ತಿತ್ತು. ಊರು ದಾಟಿದರೆ ಇದೇ ಮಣ್ಣಿನಲ್ಲಿ ತೊಗರಿಯೂ ಹಿಂಗಾರಿ ಜೋಳವೂ ಕೊಳವೆಬಾವಿಯ ಹಂಗಿಲ್ಲದೆ ಬೆಳೆಯುತ್ತವೆ. ಹೀಗಿರುವಾಗ ಮಣ್ಣಿನಲ್ಲೇ ದೋಷವಿದೆ ಎನ್ನುವುದು ನನಗೆ ಒಪ್ಪಿಗೆಯಾಗಲಿಲ್ಲ. ಮಳೆಗಾಲದಲ್ಲಿ ನೀರು ಹೊರಗೆ ಹೋಗಬೇಕು, ಬೇಸಿಗೆಯಲ್ಲಿ ಮಣ್ಣು ಬಿರಿಯಬಾರದು. ಈ ಎರಡನ್ನು ಸಾಧಿಸಿದರೆ ಎರೆಮಣ್ಣಿಗಿಂತ ಒಳ್ಳೆಯ ಮಣ್ಣು ಬೇಕಿಲ್ಲ ಎಂದು ಗುಂಡಿಯ ಪದ್ಧತಿಯನ್ನೇ ಬಿಟ್ಟು ನೆಲಕ್ಕಿಂತ ಎತ್ತರವಾಗಿ ಕಟ್ಟುವ ಏರುಮಡಿಗೆ ಹೋದೆ. ಬೀದರದ ಜಂಬಿಟ್ಟಿಗೆ ನೆಲದವರಿಗೆ ಈ ಕ್ರಮ ಬೇಕಾಗಿಲ್ಲ, ಅವರ ಕಷ್ಟ ನೀರು ನಿಲ್ಲದಿರುವುದು.

ಮಡಿ ಕಟ್ಟುವ ಕೆಲಸವನ್ನು ಹದ ನೋಡಿಯೇ ಹಿಡಿಯಬೇಕು. ಹಸಿಯಿದ್ದಾಗ ಗುದ್ದಲಿ ಹಾಕಿದರೆ ಹೆಂಟೆಗಳಾಗಿ ಒಣಗಿ ವರ್ಷವಿಡೀ ಒಡೆಯುವುದಿಲ್ಲ, ಪೂರ್ತಿ ಒಣಗಿದಾಗ ಹಾರೆಯೂ ಇಳಿಯುವುದಿಲ್ಲ. ಮುಷ್ಟಿಯಲ್ಲಿ ಹಿಡಿದ ಮಣ್ಣು ಅಂಟದೆ ಉಂಡೆಯಾಗಿ, ಹೆಬ್ಬೆರಳಿನಿಂದ ಒತ್ತಿದ ಕೂಡಲೇ ಉದುರುವಂತಿದ್ದರೆ ಅದೇ ಹದ. ಒಂದು ಮಳೆಯ ನಂತರ ಅದು ಮೂರು ನಾಲ್ಕು ದಿನ ಸಿಕ್ಕರೆ ಹೆಚ್ಚು, ಆದ್ದರಿಂದ ಕೂಲಿಯವರಿಗೆ ಮೊದಲೇ ಹೇಳಿಟ್ಟಿರಬೇಕು. ಮಡಿಯ ಅಗಲ ನಾಲ್ಕು ಅಡಿ, ಎತ್ತರ ಒಂದು ಅಡಿಗಿಂತ ಸ್ವಲ್ಪ ಹೆಚ್ಚು, ಎರಡು ಮಡಿಗಳ ನಡುವೆ ರಸ್ತೆಯ ಕಡೆಗೆ ಇಳಿಜಾರಿರುವ ಕಾಲುವೆ. ಬದಿಗೆ ಒಡೆದ ಫರಸಿ ಚೂರುಗಳನ್ನು ಸಿಮೆಂಟ್ ಹಾಕದೆ ನೆಟ್ಟಗೆ ನಿಲ್ಲಿಸಿದೆ. ಕಲ್ಲಿನ ಅಂಗಡಿಯವರು ಆ ಚೂರುಗಳನ್ನು ಆಗ ಟ್ರಾಕ್ಟರಿಗೆ ಏಳೆಂಟು ನೂರಕ್ಕೆ ಕೊಟ್ಟಿದ್ದರು.

ಮಡಿಯ ಅಡಿಯಲ್ಲಿರುವುದು ತೊಗರಿ ಕಟ್ಟಿಗೆ, ಮತ್ತು ಜನ ನಕ್ಕದ್ದು ಇದಕ್ಕೇ. ರಾಶಿ ಮುಗಿದ ಮೇಲೆ ಹಳ್ಳಿಗಳಲ್ಲಿ ಇದನ್ನು ಒಲೆಗೆ ಇಟ್ಟುಕೊಳ್ಳುತ್ತಾರೆ ಅಥವಾ ಹೊಲದಲ್ಲೇ ಸುಡುತ್ತಾರೆ. ನಾನು ಒಂದು ಬಂಡಿಯಷ್ಟು ತರಿಸಿ, ತೋಳಿನ ದಪ್ಪದ ಕಟ್ಟುಗಳಾಗಿ ಕಟ್ಟಿಸಿ, ಸಗಣಿ ರಾಡಿಯಲ್ಲಿ ಅದ್ದಿ, ಮಡಿಯ ತಳದಲ್ಲಿ ಉದ್ದುದ್ದಕ್ಕೆ ಮಲಗಿಸಿ, ಕಟ್ಟುಗಳ ತುದಿಗಳು ಮಡಿಯ ಕೊನೆಯಲ್ಲಿ ಕಾಲುವೆಯ ಕಡೆಗೆ ತೆರೆದುಕೊಂಡಿರುವಂತೆ ನೋಡಿಕೊಂಡೆ. ಅಡ್ಡಡ್ಡ ಹಾಕಿದರೆ ಪ್ರಯೋಜನವಿಲ್ಲ. ಕಟ್ಟಿಗೆಯ ಸಂದಿಯಿಂದ ನೀರು ಜಿನುಗಿ ಹೊರಗೆ ಬರುವುದೇ ಇಲ್ಲಿನ ಉದ್ದೇಶ. ಎರಡು ಮೂರು ವರ್ಷಗಳಲ್ಲಿ ಕಟ್ಟಿಗೆ ಕೊಳೆತು ಮಡಿ ನಾಲ್ಕೈದು ಇಂಚು ಕುಸಿಯುತ್ತದೆ, ಆಗ ಮೇಲೆ ತಿಪ್ಪೆಗೊಬ್ಬರ ಸೇರಿಸಿದರೆ ಸಾಕು, ಏಕೆಂದರೆ ಅಷ್ಟರಲ್ಲಿ ಬೇರುಗಳು ಅದೇ ಹಾದಿ ಹಿಡಿದಿರುತ್ತವೆ. ಮೊದಲ ವರ್ಷ ಕಟ್ಟಿಗೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುವುದರಿಂದ ಎಲೆ ಸ್ವಲ್ಪ ಬಿಳಿಚಿಕೊಳ್ಳುತ್ತದೆ, ಶೇಂಗಾ ಹಿಂಡಿ ನೆನೆಸಿ ಹಾಕಿದರೆ ಸರಿಹೋಗುತ್ತದೆ. ಗೆದ್ದಲಿನ ಭಯ ನಿಜವಾದದ್ದು. ಬೇವಿನ ಹಿಂಡಿಯನ್ನು ಕಟ್ಟಿಗೆಯ ಮೇಲೆ ಉದಾರವಾಗಿ ಹಾಕಬೇಕು ಮತ್ತು ಕಟ್ಟಿಗೆಯಿರುವ ಮಡಿಯನ್ನು ಮನೆಯ ಗೋಡೆಯ ಹತ್ತಿರಕ್ಕೆ ಒಯ್ಯಬಾರದು.

ಈ ಮಡಿಗಳಿಗೆ ನಿಜವಾದ ಪರೀಕ್ಷೆ ಬಂದದ್ದು 2020ರ ಅಕ್ಟೋಬರ್‌ನಲ್ಲಿ, ಭೀಮೆ ಉಕ್ಕಿ ಹರಿದ ಆ ಮಳೆಯಲ್ಲಿ. ನಮ್ಮ ರಸ್ತೆಯಲ್ಲಿ ಮೊಳಕಾಲಿನವರೆಗೆ ನೀರಿತ್ತು, ಮಣ್ಣು ಬದಲಾಯಿಸಿದ್ದ ಎರಡು ಮೂರು ಮನೆಗಳ ಗುಲಾಬಿಗಳು ದೀಪಾವಳಿಯ ಹೊತ್ತಿಗೆ ಒಣಗಿದವು. ನನ್ನ ಮಡಿಗಳಲ್ಲಿ ಹೋದದ್ದು ಒಂದು ಪಪ್ಪಾಯಿ ಮಾತ್ರ, ಮತ್ತು ಅದು ಮೊದಲೇ ಸೊರಗಿತ್ತು.

ಬೇಸಿಗೆಯ ಕೆಲಸ ಬೇರೆ. ಎರೆಮಣ್ಣು ಬಿರಿದರೆ ಸಣ್ಣ ಬೇರುಗಳು ಹರಿಯುತ್ತವೆ, ಹಾಕಿದ ನೀರು ಬಿರುಕಿನಿಂದ ಬೇರಿಗೆ ಸಿಗದಷ್ಟು ಆಳಕ್ಕೆ ಇಳಿಯುತ್ತದೆ. ಮಡಿಯ ಮೇಲೆ ನಾಲ್ಕು ಬೆರಳು ದಪ್ಪದ ಹೊದಿಕೆಯಿದ್ದರೆ ಬಿರುಕು ಬೀಳುವುದಿಲ್ಲ. ತೊಗರಿ ಹೊಟ್ಟು ದನದ ಮೇವಾದ್ದರಿಂದ ದುಬಾರಿ, ಅದನ್ನು ನೆಲಕ್ಕೆ ಹಾಸುವುದು ನನಗೆ ಸರಿಯೂ ಕಾಣಲಿಲ್ಲ. ಅಫಜಲಪುರದ ಕಡೆಯಿಂದ ಕಬ್ಬಿನ ರವದಿ, ಅಂದರೆ ಒಣಗಿದ ಕಬ್ಬಿನ ಎಲೆ, ತರಿಸಿದೆ, ಸಾಗಣೆ ಸೇರಿ ಎರಡು ಸಾವಿರದೊಳಗೆ ಬಂತು. ಫೆಬ್ರವರಿ, ಮಾರ್ಚ್‌ನಲ್ಲಿ ಬೇವಿನ ಎಲೆ ಉದುರುವ ಕಾಲಕ್ಕೆ ಓಣಿಯವರು ಗುಡಿಸಿ ಸುಡುವುದನ್ನೆಲ್ಲ ಚೀಲಗಳಲ್ಲಿ ತುಂಬಿಸಿ ತಂದು ರವದಿಯ ಕೆಳಗೆ ಹಾಕಿದೆ, ಅದಕ್ಕೆ ಖರ್ಚೇನೂ ಇಲ್ಲ. ಹೊದಿಕೆಯ ಕೆಳಗೆ ಚೇಳು ಸೇರುತ್ತದೆ, ಕೈ ಹಾಕುವ ಮೊದಲು ಕೋಲಿನಿಂದ ಸರಿಸಬೇಕು. ಗಿಡದ ಬುಡಕ್ಕೆ ಹೊದಿಕೆ ತಾಗದಂತೆ ಒಂದು ಗೇಣು ಬಿಡಬೇಕು. ಇಷ್ಟಾದರೆ ಮೇ ತಿಂಗಳಲ್ಲಿಯೂ ದಾಸವಾಳಕ್ಕೆ ವಾರಕ್ಕೊಮ್ಮೆ, ಬೇರೂರಿದ ಪೇರಲಕ್ಕೆ ಹತ್ತು ಹನ್ನೆರಡು ದಿನಕ್ಕೊಮ್ಮೆ ತುಂಬ ನೀರು ಬಿಟ್ಟರೆ ನಡೆಯುತ್ತದೆ, ದಿನವೂ ಚಿಮುಕಿಸುವುದು ಹಾನಿ.

ಮಡಿಯಿಲ್ಲದ ಹಿತ್ತಲಿನ ಜಾಗದಲ್ಲಿ ನಾನು ಬಿರುಕುಗಳನ್ನೇ ಕೆಲಸಕ್ಕೆ ಹಚ್ಚಿದೆ. ಮಿರಗ, ಅಂದರೆ ಜೂನ್ ಮೊದಲಿನ ಮೃಗಶಿರಾ ಮಳೆ, ಕೂಡುವ ವಾರಕ್ಕೆ ಮುಂಚೆ, ಕೈ ಹಿಡಿಸುವಷ್ಟು ಅಗಲದ ಬಿರುಕುಗಳಲ್ಲಿ ಜರಡಿ ಹಿಡಿದ ಹಳೆಯ ತಿಪ್ಪೆಗೊಬ್ಬರವನ್ನು ಕಸಬರಿಗೆಯಿಂದ ನೂಕಿ ತುಂಬಿಸುವುದು. ಮಳೆ ಬಂದಾಗ ಮಣ್ಣು ಉಬ್ಬಿ ಗೊಬ್ಬರವನ್ನು ಎರಡು ಅಡಿ ಆಳದಲ್ಲಿಯೇ ಹಿಡಿದುಕೊಳ್ಳುತ್ತದೆ. ಅಗೆಯುವ ಕೂಲಿ ಉಳಿಯಿತು, ಮೂರನೆಯ ಮಳೆಗಾಲದ ಹೊತ್ತಿಗೆ ಅಲ್ಲಿ ಸಲಿಕೆ ಸಲೀಸಾಗಿ ಇಳಿಯತೊಡಗಿತು. ಆ ಗೊಬ್ಬರದೊಂದಿಗೆ ನಾನು ಇನ್ನೆರಡು ವಸ್ತುಗಳನ್ನು ಬೆರೆಸುತ್ತೇನೆ. ಒಂದು ಜಿಪ್ಸಮ್, ಇನ್ನೊಂದನ್ನು ಸದ್ಯಕ್ಕೆ ಹೇಳುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಕಬ್ಬಿಣದ ಕೊರತೆಯಿಂದ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿರುವುದು ನಮ್ಮ ಕಡೆಯ ಎಲ್ಲ ತೋಟಗಳ ಗೋಳು. ನಮ್ಮ ಮಣ್ಣನ್ನು ಪರೀಕ್ಷೆ ಮಾಡಿಸಿದಾಗ ಪಿಎಚ್ 8ರ ಮೇಲಿತ್ತು, ಅಂದರೆ ಮಣ್ಣು ಕ್ಷಾರದ್ದು, ಸುಣ್ಣದ ಹರಳುಗಳಂತೂ ಕಣ್ಣಿಗೇ ಕಾಣುತ್ತವೆ. ಇಂಥ ಮಣ್ಣಿಗೆ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ನೇರವಾಗಿ ಸುರಿದರೆ ಅದು ಮಣ್ಣಿನಲ್ಲೇ ಕಟ್ಟಿಹೋಗುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಲೀಟರಿಗೆ ಐದು ಗ್ರಾಂ ಅನ್ನಭೇದಿಯನ್ನು ಸ್ವಲ್ಪ ನಿಂಬೆಹುಳಿಯೊಂದಿಗೆ ಕರಗಿಸಿ ಸಂಜೆ ಎಲೆಗಳಿಗೆ ಸಿಂಪಡಿಸಿದರೆ ಹದಿನೈದು ದಿನಗಳಲ್ಲಿ ಹೊಸ ಚಿಗುರು ಹಸಿರಾಗಿ ಬರುತ್ತದೆ. ಕೇಪಳದ ಗಿಡಕ್ಕೆ ಇಷ್ಟೂ ಸಾಲದು. ಅದಕ್ಕೆ ನಾನು ಎರಡು ವರ್ಷಗಳಿಂದ ಏಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್‌ನಲ್ಲಿ ಹಿಡಿದು ಹಾಕುತ್ತಿದ್ದೇನೆ, ಉಪ್ಪಿಲ್ಲದ ನೀರಾದ್ದರಿಂದ ಗಿಡ ಸುಧಾರಿಸಿದೆ. ಇದರಂತೆಯೇ ಎಂದು ತಿಳಿದು ಕೂಲರ್ ತೊಟ್ಟಿಯ ತಳದ ನೀರನ್ನೋ ಆರ್‌ಒ ಯಂತ್ರ ಹೊರಬಿಡುವ ನೀರನ್ನೋ ಗಿಡಕ್ಕೆ ಹಾಕಬೇಡಿ. ಕೂಲರಿನ ಹುಲ್ಲಿನ ಮೇಲೆ ಕಟ್ಟಿದ ಬಿಳಿಯ ಪೊರೆಯನ್ನು ಉಗುರಿನಿಂದ ಕೆರೆದು ನೋಡಿದರೆ ಆ ನೀರಿನಲ್ಲಿ ಉಪ್ಪು ಎಷ್ಟು ಗಟ್ಟಿಯಾಗಿದೆ ಎಂಬುದು ತಿಳಿಯುತ್ತದೆ.

ಮಣ್ಣಿನ ಗಡಿಗೆಗಳನ್ನು ಗಿಡದ ಬುಡದಲ್ಲಿ ಹೂತು ನೀರು ತುಂಬುವುದನ್ನೂ ಮಾಡಿ ನೋಡಿದೆ. ಮೊದಲ ಬೇಸಿಗೆ ಬಹಳ ಚೆನ್ನಾಗಿ ನಡೆಯಿತು, ಎರಡನೆಯ ಬೇಸಿಗೆಗೆ ನಮ್ಮ ಬೋರ್ ನೀರಿನ ಸುಣ್ಣ ಗಡಿಗೆಯ ರಂಧ್ರಗಳನ್ನು ಮುಚ್ಚಿ ನೀರು ಜಿನುಗುವುದೇ ನಿಂತಿತು. ಡ್ರಿಪ್ ಕೂಡ ಅದೇ ಕಾರಣಕ್ಕೆ ಪದೇ ಪದೇ ಕಟ್ಟಿಕೊಂಡಿತು. ಈಗ ಪೈಪನ್ನೇ ಕಾಲುವೆಯ ತಲೆಗೆ ಹಿಡಿಯುತ್ತೇನೆ.

ಮಡಿಗಳಿಗೆ ಒಟ್ಟು ಆದ ಖರ್ಚು ಹತ್ತು ಸಾವಿರ ದಾಟಲಿಲ್ಲ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿ. ಆದರೆ ಮೊದಲಿಗೆ ಮನೆಯ ಗೋಡೆಗುಂಟ ಹೂವಿನ ಸಾಲು ಮಾಡಿಸಿದ್ದರ ದಂಡವಾಗಿ ಆ ಗೋಡೆಯ ದುರಸ್ತಿಗೆ ಹದಿನೈದು ಸಾವಿರ ತೆತ್ತದ್ದು ಬೇರೆ. ನೀರು ಕಂಡಾಗ ಉಬ್ಬಿ ಒಣಗಿದಾಗ ಕುಗ್ಗುವ ಈ ಮಣ್ಣು ಅಡಿಪಾಯದ ಪಕ್ಕದಲ್ಲಿ ವರ್ಷಕ್ಕೆ ಹತ್ತಾರು ಸಲ ಹಾಗೆ ಮಾಡಿದರೆ ಗೋಡೆ ಬಿರಿಯದೆ ಇರುವುದಿಲ್ಲ. ಈಗ ಮನೆಯ ಸುತ್ತ ಮೂರು ಅಡಿ ಅಗಲ ಫರಸಿ ಹಾಸಿ ಹೊರಮುಖವಾಗಿ ಇಳಿಜಾರು ಕೊಟ್ಟಿದ್ದೇನೆ, ಮಡಿಗಳು ಅಲ್ಲಿಂದಾಚೆಗೆ. ಬೇವು, ಹೊಂಗೆಗಳನ್ನು ಪಶ್ಚಿಮಕ್ಕೆ, ಗೋಡೆಯಿಂದ ಕನಿಷ್ಠ ಹದಿನೈದು ಇಪ್ಪತ್ತು ಅಡಿ ದೂರಕ್ಕೆ ಹಚ್ಚಿ. ಅಷ್ಟು ಜಾಗವಿಲ್ಲದವರು ನುಗ್ಗೆ ಅಥವಾ ದೇವಕಣಗಿಲೆಗೆ ತೃಪ್ತರಾಗುವುದು ಒಳ್ಳೆಯದು.

ಹುಲ್ಲುಹಾಸು ಬೇಕೇ ಬೇಕು ಎನ್ನುವವರಿಗೆ ನನ್ನ ಉತ್ತರ ಕರಕಿ, ಅಂದರೆ ಗರಿಕೆ. ಕೊರಿಯನ್ ಹುಲ್ಲು ನನ್ನಲ್ಲಿ ಒಂದು ಬೇಸಿಗೆಯನ್ನೂ ಕಾಣಲಿಲ್ಲ. ಹೊಲದ ಬದುವಿನಿಂದ ಕಿತ್ತು ತಂದ ಕರಕಿಯ ತುಂಡುಗಳನ್ನು ಜುಲೈಯಲ್ಲಿ ಗೇಣಿಗೊಂದರಂತೆ ಊರಿಸಿದರೆ ದಸರೆಯ ಹೊತ್ತಿಗೆ ನೆಲ ಮುಚ್ಚುತ್ತದೆ, ಮೇ ತಿಂಗಳಲ್ಲಿ ಒಣಗಿ ಕಂದಾದರೂ ಮಿರಗದ ಎರಡು ಮಳೆಗೆ ಮತ್ತೆ ಚಿಗುರುತ್ತದೆ. ಮಡಿಯ ಕಡೆಗೆ ಹರಿಯದಂತೆ ನಡುವೆ ಫರಸಿ ಚೂರುಗಳನ್ನು ಒಂದು ಅಡಿ ಆಳಕ್ಕೆ ಇಳಿಸಿ ನಿಲ್ಲಿಸಬೇಕು, ಆರು ಇಂಚು ಇಳಿಸಿದ ಕಡೆ ಅದು ಅಡಿಯಿಂದ ನುಸುಳಿ ಮಲ್ಲಿಗೆಯ ಬುಡಕ್ಕೆ ಬಂದಿತ್ತು.