ಮಗ್ಗಿ ಹೇಳುತ್ತಾ ನಡೆದೆ

ಕಾಸರಗೋಡಿನ ಬದಿಯಡ್ಕದ ಆಸುಪಾಸಿನ ಕನ್ನಡ ಮಾಧ್ಯಮದ ಮಕ್ಕಳಿಗೆ 28 ವರ್ಷ ಮೈಟೋಕಾಂಡ್ರಿಯಾ ಚಿತ್ರ ಬರೆದು ತೋರಿಸಿದವನು ನಾನು. ಹೊರಗೊಂದು ಪದರ, ಒಳಗೆ ಮಡಚಿಟ್ಟ ನೀರುದೋಸೆಯ ಹಾಗೆ ಇನ್ನೊಂದು. ಕೆಳಗೆ 'ಜೀವಕೋಶದ ಶಕ್ತಿಕೇಂದ್ರ' ಅಂತ ಬರೆದು ಗೆರೆ ಎಳೆದರೆ ಪಾಠ ಮುಗಿಯಿತು. ರಿಟೈರ್ ಆದ ಮೂರನೇ ವರ್ಷ ನನಗೇ ಹಾರ್ಟ್ ಅಟ್ಯಾಕ್ ಆದಾಗ ಅದೇ ಪಾಠ ಪುನಃ ಓದಬೇಕಾಯಿತು.

ಬೆಳಗ್ಗಿನ ಎದೆನೋವನ್ನು ಗ್ಯಾಸ್ ಅಂದುಕೊಂಡು, ಜೀರಿಗೆ ಕಷಾಯ ಕುಡಿದು ಎರಡು ಗಂಟೆ ಸುಮ್ನೆ ಕಳೆದೆ. ತಪ್ಪು ನನ್ನದೇ. ಮಂಗಳೂರು ಮುಟ್ಟಿ ಸ್ಟೆಂಟ್ ಹಾಕುವಾಗ ಮಧ್ಯಾಹ್ನ. ಹೃದಯದ ಸ್ನಾಯುಕೋಶದಲ್ಲಿ ಮೂರನೇ ಒಂದು ಪಾಲಿನಷ್ಟು ಜಾಗ ಮೈಟೋಕಾಂಡ್ರಿಯಾಗಳದ್ದು. ಅವು ಮಾಡುವ ಎಟಿಪಿಯನ್ನು, ಅಂದರೆ ಕೋಶದ ಕೆಲಸಕ್ಕೆ ಬೇಕಾದ ಇಂಧನವನ್ನು, ಡಬ್ಬದಲ್ಲಿ ತುಂಬಿಡುವ ಹಾಗಿಲ್ಲ. ಇರುವ ದಾಸ್ತಾನು ಕೆಲವೇ ಸೆಕೆಂಡಿಗೆ. ಹೊಯ್ದ ಹಾಗೆ ಬಡಿಸಬೇಕು, ಮತ್ತೆ ನೀರುದೋಸೆಯೇ! ಆಕ್ಸಿಜನ್ ನಿಂತರೆ ಒಲೆ ಆರಿದ ಹಾಗೆ.

ವಿಚಿತ್ರ ಅಂದರೆ, ರಕ್ತ ಮರಳಿ ಬರುವಾಗಲೂ ಒಂದು ಪೆಟ್ಟು ಉಂಟು. ಕೋಶದಲ್ಲಿ ತುಂಬಿಕೊಂಡ ಕ್ಯಾಲ್ಸಿಯಂ ಮೈಟೋಕಾಂಡ್ರಿಯಾದೊಳಗೆ ನುಗ್ಗಿ, ಅದರ ಪೊರೆಯಲ್ಲಿ ತೂತು ತೆರೆದುಕೊಳ್ಳುತ್ತದೆ. ಅದನ್ನು ತಡೆಯಲು ಸೈಕ್ಲೋಸ್ಪೊರಿನ್ ಅನ್ನುವ ಮದ್ದನ್ನು 900ಕ್ಕಿಂತ ಜಾಸ್ತಿ ರೋಗಿಗಳಲ್ಲಿ ಪರೀಕ್ಷಿಸಿದರು. 2015ರಲ್ಲಿ ಬಂದ ಫಲಿತಾಂಶದಲ್ಲಿ ಪ್ರಯೋಜನ ಕಾಣಲಿಲ್ಲ.

ಮನೆಗೆ ಬಂದ ಮೇಲೆ ನೋವಿಲ್ಲ, ಆದರೆ ಬಚ್ಚುವುದು ಬಿಡಲಿಲ್ಲ. ತೋಟದಿಂದ ಅಂಗಳಕ್ಕೆ 34 ಮೆಟ್ಟಿಲು. ಹತ್ತನೆಯದರಲ್ಲೇ ತೊಡೆ ನಡುಗುತ್ತಿತ್ತು. ಹೃದಯದ ಎಕೋ ಸ್ಕ್ಯಾನಿನಲ್ಲಿ ಪಂಪಿಂಗ್, ಅಂದರೆ ಒಂದೊಂದು ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲು, ಶೇಕಡಾ 42 ಇತ್ತು. "ಹೃದಯ ಮಾತ್ರ ಅಲ್ಲ ಮಾಷ್ಟ್ರೇ, ಮಲಗಿ ಮಲಗಿ ಕಾಲೂ ಸೋತಿದೆ, ನಡೀರಿ" ಅಂದರು ಡಾಕ್ಟರು. ಮಲಗಿದರೆ ಸ್ನಾಯುವಿನ ಮೈಟೋಕಾಂಡ್ರಿಯಾವೂ ಸೊರಗುತ್ತದೆ. 1967ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಹೊಲೊಸಿ ಇಲಿಗಳನ್ನು ವಾರಗಟ್ಟಲೆ ಓಡಿಸಿ, ಕಾಲಿನ ಸ್ನಾಯುವಿನಲ್ಲಿ ಮೈಟೋಕಾಂಡ್ರಿಯಾದ ಸಾಮರ್ಥ್ಯ ಹೆಚ್ಚುಕಮ್ಮಿ ಇಮ್ಮಡಿ ಆದದ್ದನ್ನು ತೋರಿಸಿದ್ದರು. ಇಲಿಗೆ ಆದದ್ದು ಮಾಷ್ಟ್ರಿಗೆ ಯಾಕಾಗಬಾರದು, ಅಲ್ವಾ?

ನಮ್ಮ ಅಡಿಕೆ ಮರಗಳಿಗೆ ಒಂಬತ್ತಡಿ ಅಂತರ. ಮೊದಲ ದಿನ 20 ಮರ ಹೋಗಿ, ಬಂದು, ಕೂತೆ. ವಾರಕ್ಕೆ ಹತ್ತು ಮರ ಜಾಸ್ತಿ. ಬೀಟಾ ಬ್ಲಾಕರ್ ಮಾತ್ರೆ ನಾಡಿಯನ್ನು ಏರಲು ಬಿಡುವುದಿಲ್ಲ, ಹಾಗಾಗಿ ನಾಡಿ ಹಿಡಿದು ನೋಡಿ ಲೆಕ್ಕ ಹಾಕುವಂತಿಲ್ಲ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು ಅಂದಿದ್ದರು. ನನಗೆ ಹಾಡು ಮೊದಲೇ ಬಾರದು. ಮಗ್ಗಿ ಹೇಳುತ್ತಾ ನಡೆದೆ. 'ಹದಿಮೂರು ಏಳಲ' ಅನ್ನುವಾಗ ಉಸಿರು ತುಂಡಾದರೆ ನಿಧಾನ ಮಾಡುವುದು. ಪಕ್ಕದ ಮನೆಯ ಹುಡುಗ ಕಟ್ಟಪುಣಿಯಲ್ಲಿ ನಿಂತು ನೋಡಿ, ಮಾಷ್ಟ್ರಿಗೆ ತಲೆಗೂ ಏನೋ ಆಗಿದೆ ಅಂತ ಮನೆಯಲ್ಲಿ ಹೇಳಿದನಂತೆ.

ಮೂರನೇ ವಾರ ಒಮ್ಮೆ ಎದೆ ಬಿಗಿಯಿತು. ಅಲ್ಲೇ ಕೂತು, ಜೇಬಿನ ಮಾತ್ರೆ ನಾಲಿಗೆ ಅಡಿ ಇಟ್ಟು, ಕೂಡಲೇ ಡಾಕ್ಟರಿಗೆ ಫೋನ್ ಮಾಡಿಸಿದೆ. ಈ ಸಲ ಕಷಾಯ ಇಲ್ಲ.

ಭಾವನ ಮಗ ದುಬೈಯಿಂದ ಕೋಕ್ಯೂ10 ಅನ್ನುವ, ಮೈಟೋಕಾಂಡ್ರಿಯಾದಲ್ಲೇ ಇರುವ ಒಂದು ವಸ್ತುವಿನ ಮಾತ್ರೆಯ ಡಬ್ಬಿ ತಂದ, 'ಮೈಟೋಕಾಂಡ್ರಿಯಾಕ್ಕೆ ಒಳ್ಳೇದು' ಅಂತ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯಿಂದ ರಕ್ತದಲ್ಲಿ ಅದು ಕಡಿಮೆಯಾಗುವುದು ನಿಜ. ಡಾಕ್ಟರಿಗೆ ತೋರಿಸಿದೆ. ಹಾರ್ಟ್ ಫೇಲ್ಯೂರ್ ಇದ್ದವರಲ್ಲಿ ಉಪಯೋಗ ಕಂಡದ್ದುಂಟು, ನಿಮಗೆ ಬೇಡ, ಇದನ್ನು ನಂಬಿ ಸ್ಟ್ಯಾಟಿನ್ ಮಾತ್ರ ಬಿಡಬೇಡಿ ಅಂದರು. ಡಬ್ಬಿ ಕಪಾಟಿನಲ್ಲಿದೆ.

ಆರು ತಿಂಗಳಿಗೆ ಪಂಪಿಂಗ್ 50 ಆಯಿತು. ಅದೆಲ್ಲ ನಡೆದದ್ದರಿಂದಲೇ ಅನ್ನಲಾರೆ. ಪೆಟ್ಟು ತಿಂದು ಮಂಕಾದ ಸ್ನಾಯು ಕೆಲವು ವಾರದಲ್ಲಿ ತಾನಾಗಿ ಎಚ್ಚರವಾಗುವುದೂ ಉಂಟು. ಕಾಲಿನ ವಿಷಯ ಮಾತ್ರ ಧೈರ್ಯವಾಗಿ ಹೇಳುತ್ತೇನೆ. ಈಗ 34 ಮೆಟ್ಟಿಲೂ ನಿಲ್ಲದೆ ಹತ್ತುತ್ತೇನೆ, ಹದಿನೇಳರ ಮಗ್ಗಿ ಹೇಳುತ್ತಾ. ಹದಿನೇಳು ಎಂಟಲದಲ್ಲಿ ತಪ್ಪುತ್ತದೆ. ಅದು ಮೊದಲಿಂದಲೂ ತಪ್ಪುತ್ತಿತ್ತು.